‘ಕರೆತಂದವರು ಯಾರು?’: ಜೀವ ಉಳಿಸಲು ಹೋದವರಿಗೆ ಕಾನೂನಿನ ರಕ್ಷಣೆ ಎಷ್ಟಿದೆ?

ಅಪಘಾತದ ಗಾಯಾಳು ಆಸ್ಪತ್ರೆಗೆ ಬಂದರೆ ಅಲ್ಲಿ ಎಂಎಲ್‌ಸಿ ಬರೆಯುತ್ತಾರೆ. ಮೆಡಿಕೊ ಲೀಗಲ್ ಕೇಸ್, ಅಂದರೆ ಪೊಲೀಸರಿಗೂ ತಿಳಿಸಬೇಕಾದ ಕೇಸಿನ ಆಸ್ಪತ್ರೆ ದಾಖಲೆ. ಗಾಯಾಳುವಿನ ಹೆಸರು, ವಯಸ್ಸು, ಎಲ್ಲೆಲ್ಲಿ ಏಟು ಬಿದ್ದಿದೆ, ಪ್ರಜ್ಞೆ ಇದೆಯೋ ಇಲ್ಲವೋ, ಎಲ್ಲಾ ಅದರಲ್ಲಿ ಬರುತ್ತದೆ. ಜೊತೆಗೆ ಇನ್ನೊಂದು ಕಾಲಂ ಇರುತ್ತದೆ: ಕರೆತಂದವರು ಯಾರು? ರಸ್ತೆಯಲ್ಲಿ ಬಿದ್ದವರನ್ನು ನೋಡಿಯೂ ನಮ್ಮ ಜನ ಗಾಡಿ ನಿಲ್ಲಿಸದೆ ಹೋಗುವುದು ಯಾಕೆ ಅಂತ ಹುಡುಕುತ್ತಾ ಹೋದರೆ ಕೊನೆಗೆ ಬಂದು ನಿಲ್ಲುವುದು ಈ ಕಾಲಂ ಹತ್ತಿರವೇ. ಹೆಸರು ಬರೆಸಿದರೆ ನಾಳೆ ಪೊಲೀಸರ ಫೋನ್ ಬರುತ್ತದೆ, ಆಮೇಲೆ ಸಮನ್ಸ್ ಬರುತ್ತದೆ ಅನ್ನುವ ಭಯ. ಆದರೆ ಗಾಯಾಳುವಿನ ಸಂಬಂಧಿಕರಲ್ಲದವರು ಆ ಕಾಲಂನಲ್ಲಿ ತಮ್ಮ ಹೆಸರು ಬರೆಸಲೇಬೇಕು ಅಂತೇನೂ ಇಲ್ಲ. ಒತ್ತಾಯ ಮಾಡುವಂತಿಲ್ಲ ಅಂತ 2015ರಲ್ಲೇ ನಿಯಮ ಬಂದಿದೆ.

ದೆಹಲಿಯ ಸೇವ್‌ಲೈಫ್ ಫೌಂಡೇಶನ್ ಅನ್ನುವ ರಸ್ತೆ ಸುರಕ್ಷತೆಯ ಸಂಸ್ಥೆ 2013ರಲ್ಲಿ ಇದರ ಬಗ್ಗೆ ಒಂದು ಸಮೀಕ್ಷೆ ಮಾಡಿತ್ತು. ಶೇ. 74ರಷ್ಟು ಜನ ಅಪಘಾತದಲ್ಲಿ ಬಿದ್ದವರ ಸಹಾಯಕ್ಕೆ ಹೋಗುವುದು ಅನುಮಾನ ಅಂದರು. ಹಾಗೆ ಹಿಂಜರಿದವರಲ್ಲಿ ಶೇ. 88ರಷ್ಟು ಜನ ಕೊಟ್ಟ ಕಾರಣ ಪೊಲೀಸು, ಕೋರ್ಟಿನ ರಗಳೆ. ‘ಕೋರ್ಟಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಅಂತ ಗಾದೆ ಇರುವ ನಾಡಿನಲ್ಲಿ ಈ ಉತ್ತರ ಕೇಳಿ ಯಾರಿಗೂ ಆಶ್ಚರ್ಯ ಆಗಬೇಕಿಲ್ಲ. ಯಾರನ್ನೋ ಆಸ್ಪತ್ರೆಗೆ ಸೇರಿಸಿ ರಾತ್ರಿ ಮನೆಗೆ ಬಂದರೆ ‘ಇರಲಾರದೆ ಇರುವೆ ಬಿಟ್ಕೊಂಡ್ರಲ್ಲ’ ಅನ್ನುವ ಮಾತು ಮನೆಯವರಿಂದಲೇ ಬರುತ್ತದೆ.

ಕರ್ನಾಟಕಕ್ಕೆ ಇದು ದೂರದ ವಿಷಯ ಅಲ್ಲ. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತದಿಂದ ಸತ್ತವರು 1,68,491 ಜನ. ಅದರಲ್ಲಿ 11,702 ಜನ ನಮ್ಮ ರಾಜ್ಯದಲ್ಲೇ. ಗಾಯಾಳುಗಳಿಗೆ ಮೊದಲ ಒಂದು ಗಂಟೆಯೊಳಗೆ ಚಿಕಿತ್ಸೆ ಸಿಕ್ಕಿದ್ದರೆ ಇಂಥ ಸಾವುಗಳಲ್ಲಿ ಅರ್ಧದಷ್ಟನ್ನು ತಪ್ಪಿಸಬಹುದಿತ್ತು ಎಂಬ ಅಂದಾಜನ್ನು ಕಾನೂನು ಆಯೋಗ 2006ರ ತನ್ನ 201ನೇ ವರದಿಯಲ್ಲೇ ಕೊಟ್ಟಿತ್ತು. ಆ ಒಂದು ಗಂಟೆಯಲ್ಲಿ ಗಾಯಾಳುವಿನ ಪಕ್ಕದಲ್ಲಿ ಇರುವವರು ಡಾಕ್ಟರಲ್ಲ, ಪೊಲೀಸರಲ್ಲ. ದಾರಿಹೋಕರು, ಆಟೊದವರು, ಟೀ ಅಂಗಡಿಯವರು.

2016ರ ಫೆಬ್ರವರಿಯಲ್ಲಿ ನೆಲಮಂಗಲದ ಹತ್ತಿರ ಲಾರಿಗೆ ಸಿಕ್ಕಿ ದೇಹ ಎರಡು ತುಂಡಾದ ಯುವಕನೊಬ್ಬ, ಆ ಸ್ಥಿತಿಯಲ್ಲೂ ತನ್ನ ಅಂಗಾಂಗ ದಾನ ಮಾಡಿ ಅಂತ ಹೇಳಿ ತೀರಿಕೊಂಡಿದ್ದು ರಾಜ್ಯಕ್ಕೆಲ್ಲ ಗೊತ್ತು. ಮರು ತಿಂಗಳೇ ಅವರ ಹೆಸರಲ್ಲಿ ‘ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ’ ಬಂತು. ಅಪಘಾತವಾದ ಮೊದಲ 48 ಗಂಟೆಯ ಚಿಕಿತ್ಸೆಗೆ 25 ಸಾವಿರ ರೂಪಾಯಿವರೆಗೆ ಸರ್ಕಾರವೇ ಕೊಡುವ ಯೋಜನೆ ಅದು. ಅದಾಗಿ ವರ್ಷ ತುಂಬುವ ಮೊದಲೇ ಕೊಪ್ಪಳದಲ್ಲಿ ಬಸ್ಸಿಗೆ ಸಿಕ್ಕ ಸೈಕಲ್ ಸವಾರ ಹುಡುಗ ರಕ್ತದಲ್ಲಿ ಬಿದ್ದು ಸಹಾಯಕ್ಕೆ ಅಂಗಲಾಚುತ್ತಿದ್ದ. ಸುತ್ತ ನಿಂತವರು ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದರು. ಹುಡುಗ ಉಳಿಯಲಿಲ್ಲ.

ಆಗ ಎಲ್ಲ ಕಡೆ ಕೇಳಿಬಂದ ಮಾತು ‘ಮಾನವೀಯತೆ ಸತ್ತುಹೋಗಿದೆ’ ಅಂತ. ನನಗೆ ಈ ಮಾತು ಅಷ್ಟು ಒಪ್ಪಿಗೆ ಆಗುವುದಿಲ್ಲ. ಕೆರೆಯಲ್ಲಿ ಮಗು ಮುಳುಗುತ್ತಿದೆ ಅಂದರೆ ಈಜು ಸರಿಯಾಗಿ ಬಾರದವರೂ ಹಾರುವ ಜನ ನಾವು. ಮನೆಗೆ ಬೆಂಕಿ ಬಿದ್ದರೆ ಬೀದಿಯೇ ಕೊಡಪಾನ ಹಿಡಿದು ಓಡುತ್ತದೆ. ಅದೇ ಜನ ರಸ್ತೆ ಅಪಘಾತದ ಮುಂದೆ ಮಾತ್ರ ಕೈಕಟ್ಟಿ ನಿಲ್ಲುತ್ತಾರೆ ಅಂದರೆ ತೊಂದರೆ ಬರೀ ಮನಸ್ಸಿನದಲ್ಲ, ಅಲ್ವಾ? ಅಪಘಾತಕ್ಕೆ ‘ಕೇಸ್’ ಅನ್ನುವ ಬಾಲ ಅಂಟಿಕೊಂಡಿದೆ.

ಈ ಬಾಲಕ್ಕೆ ಮೊದಲು ಹೆದರಿದವರು ಆಸ್ಪತ್ರೆಯವರು. ಸುಪ್ರೀಂ ಕೋರ್ಟಿನ 1989ರ ಪರಮಾನಂದ ಕಟಾರ ಪ್ರಕರಣ ಇದರದ್ದೇ ಕಥೆ. ಕಾರು ಡಿಕ್ಕಿ ಹೊಡೆದ ಸ್ಕೂಟರ್ ಸವಾರನನ್ನು ಒಬ್ಬರು ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಪೊಲೀಸ್ ಕೇಸನ್ನು ನೋಡುವ ಅಧಿಕಾರ ನಮಗಿಲ್ಲ, ಸುಮಾರು 20 ಕಿಲೋಮೀಟರ್ ಆಚೆಯ ಆಸ್ಪತ್ರೆಗೆ ಹೋಗಿ ಅಂದರಂತೆ ಅಲ್ಲಿ. ದಾರಿಯಲ್ಲೇ ಜೀವ ಹೋಯಿತು. ಸರ್ಕಾರಿ ಇರಲಿ, ಖಾಸಗಿ ಇರಲಿ, ಮೊದಲು ಜೀವ ಉಳಿಸಿ, ಪೊಲೀಸರ ಕೆಲಸ ಆಮೇಲೆ ಅಂತ ಕೋರ್ಟ್ ಹೇಳಿತು. ಡಾಕ್ಟರಿಗೆ ದಾರಿ ಸ್ಪಷ್ಟವಾಯಿತು. ಕರೆದುಕೊಂಡು ಬಂದವರ ಪಾಡು ಇತ್ಯರ್ಥ ಆಗಲು ಇನ್ನೂ 27 ವರ್ಷ ಬೇಕಾಯಿತು.

ಸಹಾಯ ಮಾಡಲು ಹೋಗಿ ಗಾಯ ಜಾಸ್ತಿಯಾದರೆ ನನ್ನ ಮೇಲೇ ಕೇಸು ಹಾಕಿದರೆ ಅನ್ನುವ ಭಯವನ್ನು ಮಾತ್ರ ನಮ್ಮ ಅಪರಾಧ ಕಾನೂನು 1860ರಲ್ಲೇ ಬಗೆಹರಿಸಿದೆ. ಹಳೆಯ ದಂಡ ಸಂಹಿತೆಯ 92ನೇ ಸೆಕ್ಷನ್, ಈಗಿನ ಭಾರತೀಯ ನ್ಯಾಯ ಸಂಹಿತೆಯ 30ನೇ ಸೆಕ್ಷನ್ ಓದಿದರೆ ಅದರ ಉದಾಹರಣೆಗಳು ಕಥೆ ಪುಸ್ತಕದ ಹಾಗಿವೆ. ಹುಲಿಯೊಂದು ಒಬ್ಬನನ್ನು ಕಚ್ಚಿಕೊಂಡು ಹೋಗುತ್ತಿದೆ. ಇನ್ನೊಬ್ಬ ಹುಲಿಗೆ ಗುಂಡು ಹೊಡೆಯುತ್ತಾನೆ. ಗುಂಡು ಹುಲಿಯ ಬಾಯಲ್ಲಿರುವವನಿಗೂ ತಗಲಬಹುದು ಅಂತ ಅವನಿಗೆ ಗೊತ್ತು, ಆದರೆ ಉದ್ದೇಶ ಉಳಿಸುವುದು. ಗುಂಡು ಅವನಿಗೇ ತಗಲಿ ಪ್ರಾಣಕ್ಕೆ ಬಂದರೂ ಹೊಡೆದವನದು ಅಪರಾಧ ಅಲ್ಲ. ಇನ್ನೊಂದರಲ್ಲಿ ಮನೆಗೆ ಬೆಂಕಿ ಬಿದ್ದಿದೆ, ಕೆಳಗೆ ಜನ ಕಂಬಳಿ ಹಿಡಿದು ನಿಂತಿದ್ದಾರೆ, ಮೇಲಿನಿಂದ ಒಬ್ಬ ಮಗುವನ್ನು ಕೆಳಗೆ ಬಿಡುತ್ತಾನೆ. ಬಿದ್ದ ಏಟಿಗೆ ಮಗು ಸತ್ತರೂ ಅವನು ಅಪರಾಧಿ ಅಲ್ಲ. ಹುಲಿ ಕಾಟ ಇರುವ ದೇಶ ಅಂತ ನೆನಪಿಟ್ಟುಕೊಂಡೇ ಬರೆದಿದ್ದಾರೆ ಅನ್ನಿಸುತ್ತದೆ. ಹೊಸ ಸಂಹಿತೆ ಬಂದಾಗಲೂ ಹುಲಿಯನ್ನು ಕೈಬಿಟ್ಟಿಲ್ಲ.

ಮುಖ್ಯ ಷರತ್ತು, ಒಳ್ಳೆಯ ನಂಬಿಕೆಯಿಂದ ಮಾಡಿರಬೇಕು. ಕಾನೂನಿನಲ್ಲಿ ಹಾಗೆಂದರೆ ಬರೀ ಒಳ್ಳೆಯ ಮನಸ್ಸು ಇದ್ದರೆ ಸಾಲದು, ತಕ್ಕ ಎಚ್ಚರಿಕೆಯೂ ಇರಬೇಕು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಂದರೆ ಬಿದ್ದವರನ್ನು ಎತ್ತಿದ್ದಕ್ಕೆ ಜೈಲಿಗೆ ಹೋಗುವ ಅಪಾಯ ಮೊದಲಿನಿಂದಲೂ ಕಡಿಮೆಯೇ. ನಿಜವಾದ ಕಾಟ ಬೇರೆ, ಸಾಕ್ಷಿಯಾಗುವುದು. ಗಾಯಾಳುವನ್ನು ಸೇರಿಸಿದವರ ಹೆಸರು ಎಂಎಲ್‌ಸಿಯಿಂದ ಠಾಣೆಗೆ ಹೋಗುತ್ತದೆ. ಹೇಳಿಕೆ ಕೊಡಿ ಬನ್ನಿ ಅಂತ ಕರೆ ಬರುತ್ತದೆ. ಸ್ಥಳ ಮಹಜರಿಗೆ ಪಂಚರು ಬೇಕು, ನೀವೇ ಇದ್ದೀರಲ್ಲ ಅನ್ನುತ್ತಾರೆ. ಚಾರ್ಜ್‌ಶೀಟ್ ಆದಮೇಲೆ ಕ್ರಿಮಿನಲ್ ಕೋರ್ಟಿನಿಂದ ಸಮನ್ಸ್, ಪರಿಹಾರದ ಕೇಸಿಗೆ ಇನ್ನೊಂದು ಕೋರ್ಟಿನಿಂದ ಸಮನ್ಸ್. ಹೋದ ದಿನ ವಕೀಲರು ಬಂದಿರುವುದಿಲ್ಲ, ಮುಂದಿನ ತಾರೀಕು ಸಿಗುತ್ತದೆ. ದಿನಗೂಲಿಯವರಿಗೆ, ಆಟೊ ಓಡಿಸುವವರಿಗೆ ಒಂದೊಂದು ತಾರೀಕೂ ಒಂದೊಂದು ದಿನದ ಊಟ. ಕಾನೂನು ತಿಳಿದವರು ಇದನ್ನು ಸಣ್ಣ ವಿಷಯ ಅಂದುಕೊಳ್ಳಬಹುದು. ನಿಂತು ನೋಡಿ ಮುಂದೆ ಹೋಗುವವರ ತಲೆಯಲ್ಲಿ ಓಡುವ ಲೆಕ್ಕ ಇದೇ.

ಈ ಲೆಕ್ಕವನ್ನು ಸುಪ್ರೀಂ ಕೋರ್ಟಿನ ಮುಂದೆ ಇಟ್ಟಿದ್ದು ಸೇವ್‌ಲೈಫ್ ಫೌಂಡೇಶನ್. 2012ರಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿತು. ಕೇಂದ್ರದ ಸಾರಿಗೆ ಸಚಿವಾಲಯ 2015ರ ಮೇ ತಿಂಗಳಲ್ಲಿ ಮಾರ್ಗಸೂಚಿ ತಂದಿತು, 2016ರ ಜನವರಿಯಲ್ಲಿ ಪೊಲೀಸರು ಮತ್ತು ಆಸ್ಪತ್ರೆಗಳು ಹೇಗೆ ನಡೆದುಕೊಳ್ಳಬೇಕು ಅಂತ ವಿವರವಾದ ಕ್ರಮ ಬಂತು. 2016ರ ಮಾರ್ಚ್ 30ರಂದು ನ್ಯಾಯಮೂರ್ತಿ ವಿ. ಗೋಪಾಲಗೌಡ ಮತ್ತು ನ್ಯಾಯಮೂರ್ತಿ ಅರುಣ್ ಮಿಶ್ರಾ ಅವರಿದ್ದ ಪೀಠ ಇವೆಲ್ಲ ದೇಶಕ್ಕೆಲ್ಲ ಕಡ್ಡಾಯ ಅಂತ ಆದೇಶಿಸಿತು. ಗೋಪಾಲಗೌಡರು ನಮ್ಮ ರಾಜ್ಯದವರೇ. ಕೊಪ್ಪಳದ ಹುಡುಗ ರಸ್ತೆಯಲ್ಲಿ ಬಿದ್ದಿದ್ದಾಗ ಈ ತೀರ್ಪು ಬಂದು ಹತ್ತು ತಿಂಗಳಾಗಿತ್ತು.

ಏನಿದೆ ಅದರಲ್ಲಿ? ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ಕೂಡಲೇ ಹೊರಡಬಹುದು. 112ಕ್ಕೋ 108ಕ್ಕೋ ಫೋನ್ ಮಾಡಿದವರು ಹೆಸರು ಹೇಳಬೇಕಿಲ್ಲ. ಎಂಎಲ್‌ಸಿಯಲ್ಲಿ ಹೆಸರು ಬರೆಸುವುದು ಅವರ ಇಷ್ಟ. ಸಂಬಂಧಿಕರಲ್ಲದವರ ಹತ್ತಿರ ಅಡ್ಮಿಶನ್ ದುಡ್ಡು ಕಟ್ಟಿ ಅಂತ ಆಸ್ಪತ್ರೆ ಕೇಳುವಂತಿಲ್ಲ, ತಡೆದು ಕೂರಿಸುವಂತಿಲ್ಲ. ತುರ್ತಿನಲ್ಲಿ ಡಾಕ್ಟರ್ ಕೈಚೆಲ್ಲಿದರೆ ಅದು ವೃತ್ತಿ ದುರ್ನಡತೆ. ಇನ್ನೊಂದು ಸೌಲಭ್ಯ ಇದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಗಾಯಾಳುವನ್ನು ಇಂಥ ಹೊತ್ತಿಗೆ, ಇಂಥ ಜಾಗದಿಂದ ತಂದು ಸೇರಿಸಿದರು ಅಂತ ಆಸ್ಪತ್ರೆಯಿಂದ ಒಂದು ಚೀಟಿ ಕೇಳಿ ಪಡೆಯಬಹುದು. ನಾಳೆ ಯಾರಾದರೂ ತಕರಾರು ತೆಗೆದರೆ ಅದು ಕೈಯಲ್ಲಿರುತ್ತದೆ.

2019ರಲ್ಲಿ ಸಂಸತ್ತು ಮೋಟಾರು ವಾಹನ ಕಾಯ್ದೆಗೆ, ಅಪಘಾತದಲ್ಲಿ ಸಹಾಯ ಮಾಡಿದವರನ್ನು ಕೇಸಿನಿಂದ ಕಾಪಾಡುವ 134ಎ ಸೆಕ್ಷನ್ ಸೇರಿಸಿತು. 2020ರ ಸೆಪ್ಟೆಂಬರಿನಲ್ಲಿ ಅದರ ನಿಯಮಗಳು ಬಂದವು. ನಿಯಮಗಳನ್ನು ಬರೆದವರು ಮೇಲೆ ಹೇಳಿದ ಅಲೆದಾಟ ಏನು ಅಂತ ತಿಳಿದವರೇ ಇರಬೇಕು. ಸಹಾಯ ಮಾಡಿದವರು ತಾವಾಗಿ ಸಾಕ್ಷಿ ಹೇಳಲು ಒಪ್ಪಿದರೆ ಮಾತ್ರ ಅವರ ಹೇಳಿಕೆ. ಅದೂ ಅವರ ಮನೆಯಲ್ಲೋ ಕೆಲಸದ ಜಾಗದಲ್ಲೋ, ಅವರಿಗೆ ಅನುಕೂಲವಾದ ಹೊತ್ತಿನಲ್ಲಿ. ತನಿಖಾಧಿಕಾರಿ ಯೂನಿಫಾರ್ಮ್ ಹಾಕದೆ ಹೋಗಬೇಕು. ಠಾಣೆಗೆ ಕರೆಸಲೇಬೇಕಾದರೆ ಯಾಕೆ ಅಂತ ಬರೆದಿಡಬೇಕು. ಇಡೀ ಹೇಳಿಕೆ ಒಂದೇ ಸಲಕ್ಕೆ ಮುಗಿಯಬೇಕು. ಮನೆ ಮುಂದೆ ಖಾಕಿ ಬಂದು ನಿಂತರೆ ಬೀದಿಯಲ್ಲಿ ಎಷ್ಟು ಮಾತು ಹುಟ್ಟುತ್ತದೆ ಅಂತ ಗೊತ್ತಿದ್ದವರಿಗೆ ಮಾತ್ರ ಆ ಯೂನಿಫಾರ್ಮಿನ ಸಾಲು ಹೊಳೆಯುತ್ತದೆ. ಈ ಹಕ್ಕುಗಳ ಪಟ್ಟಿಯನ್ನು ಹಿಂದಿ, ಇಂಗ್ಲಿಷ್ ಜೊತೆಗೆ ಸ್ಥಳೀಯ ಭಾಷೆಯಲ್ಲೂ ಪ್ರತಿ ಆಸ್ಪತ್ರೆ ಬಾಗಿಲ ಹತ್ತಿರ ಹಾಕಬೇಕು ಅಂತಲೂ ನಿಯಮ ಇದೆ. ನಿಮ್ಮೂರಿನ ಆಸ್ಪತ್ರೆಗೆ ಮುಂದಿನ ಸಲ ಹೋದಾಗ ಆ ಬೋರ್ಡು ಹುಡುಕಿ ನೋಡಿ.

ಕರ್ನಾಟಕ ಇದರಲ್ಲಿ ಕೇಂದ್ರಕ್ಕಿಂತ ಮುಂದಿತ್ತು. 2016ರಲ್ಲೇ ನಮ್ಮ ವಿಧಾನಮಂಡಲ ಗುಡ್ ಸಮಾರಿಟನ್ (ಹೀಗೆ ಸಹಾಯಕ್ಕೆ ಬರುವವರಿಗೆ ಕಾನೂನು ಇಟ್ಟ ಹೆಸರು) ಮತ್ತು ವೈದ್ಯಕೀಯ ವೃತ್ತಿಪರರ ರಕ್ಷಣೆಗೆ ಪ್ರತ್ಯೇಕ ಕಾಯ್ದೆ ಪಾಸು ಮಾಡಿತು. 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಇಂಥ ಕಾಯ್ದೆ ತಂದ ಮೊದಲ ರಾಜ್ಯ ಕರ್ನಾಟಕ. ಇದರಲ್ಲಿ ಒಂದು ಜಾಣ ಅಂಶ ಇದೆ. ಸಹಾಯ ಮಾಡಿದವರು ಕೋರ್ಟಿಗೋ ಠಾಣೆಗೋ ಹೋಗಲೇಬೇಕಾಗಿ ಬಂದರೆ ಓಡಾಟದ ಖರ್ಚನ್ನು ಸರ್ಕಾರದ ನಿಧಿಯಿಂದ ಕೊಡಬೇಕು ಅನ್ನುವುದು. ಆ ಆಟೊದವರ ಒಂದು ದಿನದ ಬಾಡಿಗೆಯನ್ನು ಕಾನೂನು ಲೆಕ್ಕಕ್ಕೆ ತೆಗೆದುಕೊಂಡಿದ್ದು ಇಲ್ಲೇ. ನನ್ನ ಪ್ರಕಾರ ಇಡೀ ವ್ಯವಸ್ಥೆಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಕಲ್ಪನೆ ಅದು. ಪ್ರಚಾರ ಸಿಗದೆ ಮೂಲೆಯಲ್ಲಿ ಉಳಿದಿದ್ದೂ ಅದೇ.

ಕಾಗದದ ಮೇಲೆ ಇಷ್ಟೆಲ್ಲ ಇದ್ದರೂ ಭಯ ಯಾಕೆ ಹೋಗಿಲ್ಲ? ಗೊತ್ತಿಲ್ಲದಿರುವುದು ಒಂದು ಕಾರಣ. ಅದೇ ಸೇವ್‌ಲೈಫ್ ಸಂಸ್ಥೆಯ 2018ರ ಸಮೀಕ್ಷೆಯಲ್ಲಿ ಶೇ. 84ರಷ್ಟು ಜನಕ್ಕೆ ಇಂಥ ರಕ್ಷಣೆ ಇದೆ ಅಂತಲೇ ಗೊತ್ತಿರಲಿಲ್ಲ. ಆದರೆ ಎಲ್ಲವನ್ನೂ ‘ಜಾಗೃತಿ ಇಲ್ಲ’ ಅನ್ನುವ ಒಂದೇ ಮಾತಿಗೆ ಕಟ್ಟಿಹಾಕುವುದು ಸರ್ಕಾರಕ್ಕೆ ಆರಾಮ. ಕಾನೂನಿನ ಒಳಗೇ ಓಟೆಗಳಿವೆ.

ಮೊದಲನೆಯದು, 134ಎ ಸೆಕ್ಷನ್ನಿನಲ್ಲಾಗಲಿ ಅದರ ನಿಯಮಗಳಲ್ಲಾಗಲಿ ತಪ್ಪಿ ನಡೆದವರಿಗೆ ಶಿಕ್ಷೆ ಇಲ್ಲ. ಹೆಸರು ಹೇಳು ಅಂತ ಪೊಲೀಸರು ಗದರಿಸಿದರೆ, ಆಸ್ಪತ್ರೆಯವರು ಎರಡು ಗಂಟೆ ಕೂರಿಸಿಕೊಂಡರೆ ಏನು? 2015ರ ಮಾರ್ಗಸೂಚಿ ಇಲಾಖಾ ಕ್ರಮ ಅನ್ನುತ್ತದೆ. ಇಲಾಖಾ ಕ್ರಮ ಆಗಬೇಕಾದರೆ ದೂರು ಕೊಡಬೇಕು. ದೂರು ಕೊಡಬೇಕಾದರೆ ಹೆಸರು ಹೇಳಬೇಕು. ಹೆಸರು ಹೇಳಲು ಇಷ್ಟ ಇಲ್ಲದವರಿಗೆ ಕೊಟ್ಟ ಹಕ್ಕನ್ನು ಉಳಿಸಿಕೊಳ್ಳಲು ಹೆಸರು ಹೇಳಲೇಬೇಕು ಅನ್ನುವ ಸ್ಥಿತಿ ಇದು.

ಎರಡನೆಯದು ಸ್ವಲ್ಪ ಸೂಕ್ಷ್ಮ. ಬಿದ್ದ ಮೇಲೆ ಬಂದು ಎತ್ತಿದವರು ಬೇರೆ, ಗುದ್ದಿದ್ದನ್ನು ಕಣ್ಣಾರೆ ಕಂಡವರು ಬೇರೆ. ಕಣ್ಣಾರೆ ಕಂಡವರು ವಿಳಾಸ ಕೊಟ್ಟು ಹೋಗಬೇಕು ಅಂತ ಮಾರ್ಗಸೂಚಿ ಹೇಳುತ್ತದೆ. ಅದರಲ್ಲಿ ತಪ್ಪೇನಿಲ್ಲ. ನೋಡಿದವರೆಲ್ಲ ಹೆಸರಿಲ್ಲದೆ ಮಾಯವಾದರೆ ಗುದ್ದಿದವನು ಬಚಾವಾಗುತ್ತಾನೆ, ಸತ್ತವರ ಮನೆಯವರಿಗೆ ಪರಿಹಾರ ಸಿಗುವುದೂ ಕಷ್ಟ. ಸಹಾಯ ಮಾಡುವವರ ನೆಮ್ಮದಿ, ಗಾಯಾಳುವಿನ ನ್ಯಾಯ, ಎರಡೂ ಒಂದೇ ಕಡೆ ಎಳೆಯುವುದಿಲ್ಲ. ತೊಂದರೆ ಏನೆಂದರೆ ನಿಜ ಜೀವನದಲ್ಲಿ ಮೊದಲು ಓಡಿ ಬರುವವರು ಕಣ್ಣಾರೆ ಕಂಡವರೇ ಆಗಿರುತ್ತಾರೆ. ಅವರು ‘ನಾನು ಆಮೇಲೆ ಬಂದೆ’ ಅಂತ ಹೇಳಿಬಿಟ್ಟರೆ ಸುಲಭ. ಹಾಗೆ ಹೇಳುವಂತೆ ಕಾನೂನೇ ಕಲಿಸಿದಂತಾಗುತ್ತದೆ.

ಮೂರನೆಯ ಭಯ ಕಾರಿನವರದು. ನಿಲ್ಲಿಸಿ ಗಾಯಾಳುವನ್ನು ಹಿಂದಿನ ಸೀಟಿನಲ್ಲಿ ಹಾಕಿಕೊಂಡರೆ ‘ಇವನೇ ಗುದ್ದಿರಬೇಕು, ಇಲ್ಲದಿದ್ದರೆ ಯಾಕೆ ಕರ್ಕೊಂಡು ಹೋಗ್ತಾನೆ’ ಅಂತ ಗುಂಪಿನಲ್ಲಿ ಒಬ್ಬ ಅಂದರೆ ಸಾಕು. 134ಎ ಸೆಕ್ಷನ್ ಸಹಾಯ ಮಾಡುವಾಗ ಆದ ಎಡವಟ್ಟಿನಿಂದ ಕಾಪಾಡುತ್ತದೆ. ಗುದ್ದಿದವನು ನೀನೇ ಅನ್ನುವ ಆರೋಪದಿಂದ ಕಾಪಾಡುವುದಿಲ್ಲ. ಹೊರಡುವ ಮುಂಚೆ 112ಕ್ಕೆ ಫೋನ್ ಮಾಡಿದರೆ ಹೊತ್ತು ದಾಖಲಾಗುತ್ತದೆ. ಬಿದ್ದ ಗಾಡಿಯ, ನಿಮ್ಮ ಗಾಡಿಯ ಫೋಟೊ ಒಂದೊಂದು ತೆಗೆದಿಟ್ಟರೆ ಇನ್ನೂ ಒಳ್ಳೆಯದು. ವಿಡಿಯೊ ಮಾಡುತ್ತಾ ನಿಲ್ಲುವವರ ಕೈಗೆ ಈ ಕೆಲಸ ಕೊಟ್ಟರೆ ಅವರಿಂದಲೂ ಒಂದು ಉಪಕಾರ ಆದೀತು.

ಇನ್ನು ಬಹುಮಾನದ ಕಥೆ. 2021ರ ಅಕ್ಟೋಬರಿನಿಂದ ಕೇಂದ್ರ ಸರ್ಕಾರ ಗಂಭೀರ ಗಾಯಾಳುವನ್ನು ಮೊದಲ ಗಂಟೆಯೊಳಗೆ ಆಸ್ಪತ್ರೆಗೆ ಸೇರಿಸಿದವರಿಗೆ 5,000 ರೂಪಾಯಿ ಕೊಡುತ್ತಿತ್ತು. 2025ರಲ್ಲಿ ಅದನ್ನು ‘ರಾಹ್‌ವೀರ್’ ಅಂತ ಹೆಸರು ಬದಲಿಸಿ 25,000ಕ್ಕೆ ಏರಿಸಿದರು. ಸಿಗುವುದು ಹೇಗೆ? ಪೊಲೀಸರು ನಿಮ್ಮ ಹೆಸರು, ವಿಳಾಸ, ಮೊಬೈಲ್ ನಂಬರ್ ಬರೆದು ಪತ್ರ ಕೊಡಬೇಕು, ಜಿಲ್ಲಾಧಿಕಾರಿ ಮುಖ್ಯಸ್ಥರಾಗಿರುವ ಸಮಿತಿ ಒಪ್ಪಬೇಕು, ಆಮೇಲೆ ಬ್ಯಾಂಕ್ ಖಾತೆಗೆ ದುಡ್ಡು. ಒಂದು ಕೈಯಲ್ಲಿ ಹೆಸರು ಬೇಡ ಅನ್ನುತ್ತಾ ಇನ್ನೊಂದು ಕೈಯಲ್ಲಿ ಫಾರಂ ಹಿಡಿದಂತಿದೆ ಇದು. ದುಡ್ಡು ಬೇಡ ಅಂತ ನಾನು ಹೇಳುತ್ತಿಲ್ಲ, ಪೆಟ್ರೋಲಿಗೂ ರಕ್ತದ ಕಲೆ ತೊಳೆಸುವುದಕ್ಕೂ ಖರ್ಚಾಗುತ್ತದೆ. ಆದರೆ ಠಾಣೆಗೆ ಹೆದರಿ ಓಡುವವರನ್ನು ಠಾಣೆಯ ಮೂಲಕವೇ ಬಹುಮಾನಕ್ಕೆ ಕರೆದರೆ ಎಷ್ಟು ಜನ ಬಂದಾರು? ಇದಕ್ಕಿಂತ ಜಾಸ್ತಿ ಕೆಲಸ ಮಾಡುವುದು 2025ರ ಮೇ ತಿಂಗಳಲ್ಲಿ ಬಂದ ನಗದುರಹಿತ ಚಿಕಿತ್ಸೆಯ ಯೋಜನೆ. ಯಾವ ರಸ್ತೆಯಲ್ಲಿ ಮೋಟಾರು ವಾಹನದ ಅಪಘಾತವಾದರೂ ಏಳು ದಿನದವರೆಗೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ ಚಿಕಿತ್ಸೆ. ‘ದುಡ್ಡು ಯಾರು ಕಟ್ಟುತ್ತಾರೆ?’ ಅನ್ನುವ ಕೌಂಟರಿನ ಪ್ರಶ್ನೆಗೆ ಉತ್ತರ ಇದ್ದರೆ ಕರೆತಂದವರ ಮುಖ ನೋಡುವ ಅಗತ್ಯ ಆಸ್ಪತ್ರೆಗೂ ಇರುವುದಿಲ್ಲ.

ಇಷ್ಟು ಹೊತ್ತು ಹೇಳಿದ್ದೆಲ್ಲ ರಸ್ತೆಯ ಮಾತು. 134ಎ ಸೆಕ್ಷನ್ ಇರುವುದು ಮೋಟಾರು ವಾಹನದ ಅಪಘಾತಕ್ಕೆ ಮಾತ್ರ. ಮದುವೆ ಮನೆಯಲ್ಲಿ ಒಬ್ಬರು ಎದೆ ಹಿಡಿದುಕೊಂಡು ಕುಸಿದರು, ಉಸಿರಿಲ್ಲ. ನೀವು ಸಿಪಿಆರ್ ಕೊಟ್ಟಿರಿ, ಅಂದರೆ ಎದೆ ಒತ್ತಿ ಜೀವ ಉಳಿಸಲು ನೋಡಿದಿರಿ. ಸರಿಯಾಗಿ ಒತ್ತಿದರೂ ಪಕ್ಕೆಲುಬು ಮುರಿಯುವುದು ಸಾಮಾನ್ಯ. ಇಲ್ಲಿ 134ಎ ಇಲ್ಲ, ಹುಲಿ ಉದಾಹರಣೆಯ 30ನೇ ಸೆಕ್ಷನ್ನಿಗೆ ಹೋಗಬೇಕು. ಎಚ್ಚರಿಕೆಯ ಷರತ್ತು ಮುಖ್ಯವಾಗುವುದು ಇಲ್ಲೇ. ರಸ್ತೆಯಲ್ಲಿ ಸಹಾಯ ಮಾಡುವಾಗ ನಿರ್ಲಕ್ಷ್ಯ ಆಗಿದ್ದರೂ 134ಎ ಮನ್ನಿಸುತ್ತದೆ. 30ನೇ ಸೆಕ್ಷನ್ ತಕ್ಕ ಎಚ್ಚರಿಕೆ ಇತ್ತೇ ಅಂತ ಕೇಳುತ್ತದೆ. ಅಂದರೆ ಒಬ್ಬರನ್ನು ನಜ್ಜುಗುಜ್ಜಾದ ಕಾರಿನಿಂದ ಎಳೆದು ಹೊರಗೆ ಹಾಕಿದರೆ ಒಂದು ಅಳತೆ, ಕೆರೆಯಿಂದ ಎಳೆದು ದಡಕ್ಕೆ ಹಾಕಿದರೆ ಇನ್ನೊಂದು ಅಳತೆ. ಎರಡರಲ್ಲೂ ಅವಸರ ಒಂದೇ, ಕೈ ನಡುಗುವುದೂ ಒಂದೇ.

ನೀರಿನ ಮಾತು ಬಂದಿದ್ದರಿಂದ ಹೇಳಬೇಕು. ದೇಶದಲ್ಲಿ ವರ್ಷಕ್ಕೆ 35 ಸಾವಿರಕ್ಕೂ ಜಾಸ್ತಿ ಜನ ನೀರಿನಲ್ಲಿ ಮುಳುಗಿ ಸಾಯುತ್ತಾರೆ. ಅಲ್ಲಿ ಮೊದಲು ಇಳಿಯುವವರು ಮೀನುಗಾರರು, ದೋಣಿಯವರು, ಊರಿನ ಈಜುಗಾರರು. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ನೌಕಾಪಡೆ, ಎನ್‌ಡಿಆರ್‌ಎಫ್ ಜೊತೆಗೆ ತುಂಬಿ ಹರಿಯುವ ಗಂಗಾವಳಿಗೆ ಇಳಿದವರಲ್ಲಿ ಉಡುಪಿಯ ಮುಳುಗುತಜ್ಞ ಈಶ್ವರ ಮಲ್ಪೆ ಕೂಡ ಇದ್ದರು. ಅವರು ಸರ್ಕಾರಿ ನೌಕರರಲ್ಲ. ಹೀಗೆ ಇಳಿದ ಒಬ್ಬ ಊರಿನ ಹುಡುಗನಿಗೆ ಏನಾದರೂ ಆದರೆ? 134ಎ ಸೆಕ್ಷನ್ನಿನಲ್ಲಿ ಇದಕ್ಕೆ ಉತ್ತರ ಇಲ್ಲ, ಯಾಕೆಂದರೆ ಅದು ಕೇಸಿನಿಂದ ಕಾಪಾಡುವ ಕಾನೂನು, ಗಾಯದಿಂದಲ್ಲ. ಜೀವ ರಕ್ಷಾ ಪದಕ ಇದೆ, ಅದು ಗೌರವ. ಹೆದ್ದಾರಿಯಲ್ಲಿ ಗಾಯಾಳುವನ್ನು ಎತ್ತುತ್ತಿದ್ದವರಿಗೆ ಹಿಂದಿನಿಂದ ಇನ್ನೊಂದು ಲಾರಿ ಗುದ್ದಿದರೆ ಕನಿಷ್ಠ ಆ ಲಾರಿಯ ವಿಮೆಯ ಮೇಲೆ ಪರಿಹಾರ ಕೇಳಬಹುದು. ಹೊಳೆಗೆ ವಿಮೆ ಇಲ್ಲ. ಕರೆಂಟ್ ಹೊಡೆದವರನ್ನು ಬಿಡಿಸಲು ಹೋದವರು, ವಿಷಗಾಳಿ ತುಂಬಿದ ಗುಂಡಿಗೆ ಒಬ್ಬರ ಹಿಂದೆ ಒಬ್ಬರು ಇಳಿದವರು, ಇವರ ಮನೆಯವರಿಗೆ ಸಿಗುವುದು ಆ ಹೊತ್ತಿನ ಮುಖ್ಯಮಂತ್ರಿ ಘೋಷಿಸಿದರೆ ಘೋಷಿಸಿದಷ್ಟು.

ರಾಜ್ಯದ ಕಾಯ್ದೆಯಲ್ಲಿ ಕೋರ್ಟಿನ ಓಡಾಟಕ್ಕೆ ಅಂತ ನಿಧಿಯ ಕಲ್ಪನೆ ಇದ್ದೇ ಇದೆ. ಅದೇ ನಿಧಿಯಿಂದ ಸಹಾಯಕ್ಕೆ ಹೋಗಿ ಗಾಯಗೊಂಡವರ ಚಿಕಿತ್ಸೆ, ಸತ್ತವರ ಮನೆಗೆ ನಿಗದಿಯಾದ ಪರಿಹಾರ ಅಂತ ತಿದ್ದುಪಡಿ ತರಲು ದೆಹಲಿಯ ಕಡೆ ನೋಡುತ್ತಾ ಕೂರಬೇಕಿಲ್ಲ, ಬೆಂಗಳೂರಿನಲ್ಲೇ ಶುರು ಮಾಡಬಹುದು. ಎಂಎಲ್‌ಸಿ ರಿಜಿಸ್ಟರಿನಲ್ಲಿ ‘ಕರೆತಂದವರು’ ಅನ್ನುವ ಜಾಗದ ಕೆಳಗೆ ‘ಹೆಸರು ಹೇಳುವುದು ಕಡ್ಡಾಯವಲ್ಲ’ ಅಂತ ಅಚ್ಚು ಹಾಕಿಸುವುದಕ್ಕಂತೂ ತಿದ್ದುಪಡಿಯೂ ಬೇಡ, ಆರೋಗ್ಯ ಇಲಾಖೆಯ ಒಂದು ಸುತ್ತೋಲೆ ಸಾಕು.